ಯುರೋಪಾದ ಐಸ್ ಕೆಳಗಿನ ಜೀವಿಗಳು: ನನ್ನ ಕತೆ ನಂಬುವ ಹಾಗಿದೆಯಾ?

ಹೊಸ_ಕತೆಗಾರ:
ಗುರು ಗ್ರಹದ ಚಂದ್ರ ಯುರೋಪಾ ಇದೆಯಲ್ಲ, ಅದರ ಐಸ್ ಕೆಳಗಿನ ಸಮುದ್ರದಲ್ಲಿ ನನ್ನ ಕತೆ ನಡೆಯುತ್ತದೆ. ಆಕ್ಟೋಪಸ್ ತರಹದ ಬುದ್ಧಿವಂತ ಜೀವಿಗಳು, ದೊಡ್ಡ ಕಣ್ಣು, ಕೈಯಲ್ಲಿ ಕಬ್ಬಿಣದ ಈಟಿ. ಭೂಮಿಯಿಂದ ನಾಲ್ಕು ಜನ ಎರಡು ತಿಂಗಳಲ್ಲಿ ಅಲ್ಲಿಗೆ ಹೋಗುತ್ತಾರೆ. ಗೆಳೆಯ ಓದಿ, ಕಾಗಕ್ಕ ಗುಬ್ಬಕ್ಕನ ಕತೆ ಅಂತ ನಕ್ಕುಬಿಟ್ಟ. ಎಲ್ಲಿ ಎಡವಿದ್ದೇನೆ?

ಬಯಾಲಜಿ_ಮೇಷ್ಟ್ರು:
ಮೊದಲು ಈಟಿ ಬಿಡಿ. ನೀರೊಳಗೆ ಬೆಂಕಿ ಹಚ್ಚಲು ಆಗುವುದಿಲ್ಲ, ಬೆಂಕಿ ಇಲ್ಲದೆ ಅದಿರು ಕರಗಿಸುವುದು ಹೇಗೆ? ಕಲ್ಲು, ಚಿಪ್ಪು ಕೊಡಿ. ಬಿಸಿಲೂ ಅಲ್ಲಿಗೆ ಇಳಿಯುವುದಿಲ್ಲ, ಹಾಗಾಗಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ.

ಊಟದ ಪ್ರಶ್ನೆ ಇನ್ನೂ ದೊಡ್ಡದು. 1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಹತ್ತಿರ ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆಗಳು ಸಿಕ್ಕವು, ಅಲ್ಲಿ ಬಾಯಿಯೂ ಇಲ್ಲದ ಕರುಳೂ ಇಲ್ಲದ ಉದ್ದನೆಯ ಹುಳುಗಳು ಮೈಯೊಳಗಿನ ಬ್ಯಾಕ್ಟೀರಿಯಾ ಮಾಡಿಕೊಟ್ಟ ಆಹಾರದಲ್ಲೇ ಬದುಕುತ್ತಿದ್ದವು. ಎಲ್ಲರೂ ಇದನ್ನೇ ಕತೆಗೆ ಎತ್ತಿಕೊಳ್ಳುತ್ತಾರೆ. ಆದರೆ ಆ ಹುಳುಗಳಿಗೆ ಆಮ್ಲಜನಕವೂ ಬೇಕು, ಅದು ಬರುವುದು ಬಿಸಿಲಲ್ಲಿ ಬೆಳೆಯುವ ಜೀವಿಗಳಿಂದ! ಯುರೋಪಾದಲ್ಲಿ ವಿಕಿರಣ ಬಡಿದು ಮೇಲಿನ ಐಸ್‌ನಲ್ಲೇ ಆಮ್ಲಜನಕ ಹುಟ್ಟುತ್ತದೆ. ಅದು ಕೆಳಗೆ ಸೋರಿ ಬರುವ ಬಿರುಕಿನ ಹತ್ತಿರ ಊರು ಕಟ್ಟಿಸಿ, ಬಿರುಕಿಗಾಗಿ ಜಗಳ ಹಚ್ಚಿಸಿ.

ರಾಕೆಟ್_ರಾಯ:
ಮೇಷ್ಟ್ರು ಹೇಳಿದ್ದು ಸರಿ. ನನ್ನ ತಕರಾರು ಎರಡು ತಿಂಗಳ ಬಗ್ಗೆ. ಗುರು ತೀರಾ ಹತ್ತಿರ ಬಂದಾಗಲೂ ಸುಮಾರು 59 ಕೋಟಿ ಕಿ.ಮೀ. ದೂರ. 60 ದಿನಕ್ಕೆ ಮುಟ್ಟಬೇಕಾದರೆ ಸೆಕೆಂಡಿಗೆ 110 ಕಿ.ಮೀ.ಗಿಂತ ವೇಗ ಬೇಕು, ನಾಸಾದ ವಾಯೇಜರ್ 1 ನೌಕೆ ಓಡುತ್ತಿರುವುದೇ 17ರಲ್ಲಿ. ಹೋಗಲಿ, ಬ್ರೇಕ್ ಹಾಕುವುದಕ್ಕೂ ಇಂಧನ ಹೊರಬೇಕಲ್ವಾ? ನಾಸಾದ ಯುರೋಪಾ ಕ್ಲಿಪ್ಪರ್ 2024ರ ಅಕ್ಟೋಬರ್‌ನಲ್ಲಿ ಹೊರಟಿದೆ, ತಲುಪುವುದು 2030ಕ್ಕೆ. ನೀವು ಅಣು ಎಂಜಿನ್ ಹಾಕಿ ಎರಡು ವರ್ಷ ಮಾಡಿ, ಯಾರೂ ಜಗಳಕ್ಕೆ ಬರುವುದಿಲ್ಲ. ಇನ್ನೊಂದು, ರಕ್ಷಣೆ ಇಲ್ಲದೆ ನೆಲದ ಮೇಲೆ ಒಂದು ದಿನ ನಿಂತರೂ ವಿಕಿರಣಕ್ಕೆ ಪ್ರಾಣ ಹೋಗಬಹುದು. ಇಳಿದ ತಕ್ಷಣ ಐಸ್ ಕೊರೆದು ಒಳಗೆ ಸೇರಿಕೊಳ್ಳಲಿ.

ಹೊಸ_ಕತೆಗಾರ:
ಅಯ್ಯೋ, ಈಟಿ ಹೋಯಿತು! ಪರವಾಗಿಲ್ಲ. ಡ್ರಿಲ್ ಸದ್ದು ಅವರಿಗೆ ಕೇಳಿಸಬೇಕು ಅಂತ ಆಸೆ. ಕೇಳಿಸುತ್ತದಾ?

ಬಯಾಲಜಿ_ಮೇಷ್ಟ್ರು:
ನೀರಲ್ಲಿ ಸದ್ದು ಬಹಳ ದೂರ ಹೋಗುತ್ತದೆ, ನಮ್ಮ ತಿಮಿಂಗಿಲಗಳನ್ನೇ ನೋಡಿ. ಆದರೆ ಐಸ್ ಸುಮ್ನೆ ಇರುವುದಿಲ್ಲ. ಯುರೋಪಾ ಮೂರೂವರೆ ದಿನಕ್ಕೊಮ್ಮೆ ಗುರುವನ್ನು ಸುತ್ತುತ್ತದೆ, ಆ ಎಳೆತಕ್ಕೆ ಐಸ್ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ನಿಮ್ಮ ಜೀವಿಗಳಿಗೆ ಕ್ಯಾಲೆಂಡರ್ ಅಂದರೆ ಆ ಲಟಲಟ ಸದ್ದೇ. ಒಂದು ಸಲ ಅದು ಹೊತ್ತಲ್ಲದ ಹೊತ್ತಲ್ಲಿ ಕೇಳಿಸಲಿ, ಮತ್ತೆ ನಿಲ್ಲದೇ ಇರಲಿ.