ಮಳೆ ಹಿಡಿದಾಗಿಂದ ಅಪ್‌ಡೇಟ್ ಬಂದ್: ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ (ಮಿಂಟ್ 22, ಹಳೇ ಡೆಸ್ಕ್‌ಟಾಪ್)

ಹುಲೇಕಲ್_ಕೊಟ್ಟಿಗೆ
ಶಿರಸಿ ಹತ್ತಿರದ ಹಳ್ಳಿ. ಹಳೇ ಅಸೆಂಬಲ್ಡ್ ಡೆಸ್ಕ್‌ಟಾಪ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಸಪೋರ್ಟ್ ಮುಗಿಯಿತಲ್ಲ, ಆಗ ಲಿನಕ್ಸ್ ಮಿಂಟ್ 22 ಎಕ್ಸ್‌ಎಫ್‌ಸಿಇ ಹಾಕಿದ್ದು. ಬೇಸಿಗೆಯಿಡೀ ಒಂದು ತಕರಾರಿಲ್ಲ. ಮಳೆ ಶುರುವಾದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಕೆಂಪಾಗಿ ಕೂತಿದೆ. ಟರ್ಮಿನಲ್‌ನಲ್ಲಿ ಸುಡೊ ಎಪಿಟಿ ಅಪ್‌ಡೇಟ್ (ಹೊಸ ಪ್ಯಾಕೇಜ್‌ಗಳ ಪಟ್ಟಿ ತರಿಸುವ ಆಜ್ಞೆ) ಕೊಟ್ಟರೆ ನೋಬಲ್-ಅಪ್‌ಡೇಟ್ಸ್, ನೋಬಲ್-ಸೆಕ್ಯುರಿಟಿ ಎರಡು ಪಟ್ಟಿಗೂ ಮೇಲಿನ ಎರರ್, ಅಂದರೆ ಪಟ್ಟಿಯ ಫೈಲ್ ಇನ್ನೂ ಜಾರಿಗೆ ಬಂದಿಲ್ಲ ಅಂತ. ಬರೀ ‘ನೋಬಲ್’ ಎಂಬುದು ಸರಿಯಾಗಿ ದಾಟುತ್ತದೆ. ಎರರ್‌ನ ಕೊನೆಗೆ ಇನ್ನೂ ಇಷ್ಟು ಹೊತ್ತು ಕಾಯಬೇಕು ಅಂತ ಬರುತ್ತದೆ. ಮೊದಲು ಗಂಟೆಗಳ ಲೆಕ್ಕ ಇತ್ತು, ಈಗ ದಿನಗಳ ಲೆಕ್ಕ. ಫೈರ್‌ಫಾಕ್ಸ್‌ನಲ್ಲಿ ಒಂದೆರಡು ಸೈಟ್ ಮಾತ್ರ ಸುರಕ್ಷಿತವಲ್ಲ ಅನ್ನುತ್ತಿವೆ, ಉಳಿದದ್ದೆಲ್ಲ ತೆರೆಯುತ್ತದೆ. ನೆಟ್ ಚೆನ್ನಾಗಿದೆ. ಎಂತ ಮಾಡುವುದು?

ಕುಮಟಾ_ಶೆಲ್
ಸಾಫ್ಟ್‌ವೇರ್ ಸೋರ್ಸಸ್ ತೆರೆದು ಮಿರರ್ (ಅಪ್‌ಡೇಟ್ ಇಳಿಸಿಕೊಳ್ಳುವ ಸರ್ವರ್) ಬದಲಿಸಿ ನೋಡಿ. ನನಗೆ ಎಷ್ಟೋ ಸಲ ಅದರಿಂದ ಸರಿಯಾಗಿದೆ.

ಹುಲೇಕಲ್_ಕೊಟ್ಟಿಗೆ
ಬದಲಿಸಿದೆ. ಅದೇ ರಾಗ.

ಟರ್ಮಿನಲ್_ತಮ್ಮ
ಎಪಿಟಿಗೆ ‘ಅಕ್ವೈರ್ ಚೆಕ್-ಡೇಟ್ ಫಾಲ್ಸ್’ ಅಂತ ಆಪ್ಷನ್ ಕೊಡಿ. ತಾರೀಕು ನೋಡುವುದನ್ನೇ ಬಿಡುತ್ತದೆ. ಎರಡು ನಿಮಿಷದ ಕೆಲಸ.

ಕಾಳಿ_ಕರ್ನಲ್
ಮಾರಾಯ್ರೆ, ಅದನ್ನು ಮಾತ್ರ ಮಾಡಬೇಡಿ. ರಿಲೀಸ್ ಫೈಲಿನ ತಾರೀಕು ನೋಡುವ ವ್ಯವಸ್ಥೆ ಇರುವುದೇ ಹಳೇ ಪಟ್ಟಿಯನ್ನು ಹೊಸದೆಂದು ಯಾರೂ ನಿಮ್ಮ ಕೈಗಿಡಬಾರದು ಅಂತ. ಎಪಿಟಿ ಇಲ್ಲಿ ಸರಿಯಾದದ್ದನ್ನೇ ಹೇಳುತ್ತಿದೆ.

ನೀವು ಕೊಟ್ಟ ವಿವರದಲ್ಲೇ ಸುಳಿವಿದೆ. ಮಿಂಟ್ 22ರ ತಳಪಾಯ ಉಬುಂಟು 24.04, ಅಂದರೆ ನೋಬಲ್. ಅದರ ಮೂಲ ಪಟ್ಟಿ 2024ರ ಏಪ್ರಿಲ್‌ಗೆ ಮುಗಿದುಹೋಗಿದೆ, ಆಮೇಲೆ ಯಾರೂ ಮುಟ್ಟಿಲ್ಲ. ಅಪ್‌ಡೇಟ್ಸ್, ಸೆಕ್ಯುರಿಟಿ ಪಟ್ಟಿಗಳು ಹಾಗಲ್ಲ, ಆಗಾಗ ಹೊಸ ಸಹಿ ಬೀಳುತ್ತಿರುತ್ತದೆ. ಹಳೇದು ದಾಟಿ ಹೊಸದು ಮಾತ್ರ ‘ಇನ್ನೂ ಬಂದಿಲ್ಲ’ ಅನಿಸಿಕೊಂಡರೆ ನಿಮ್ಮ ಯಂತ್ರ ಹಿಂದಿನ ಯಾವುದೋ ದಿನದಲ್ಲಿದೆ ಅಂತಲೇ ಅರ್ಥ. ಸೈಟುಗಳದ್ದೂ ಅದೇ ಕತೆ: ಯಾವುದರ ಸರ್ಟಿಫಿಕೇಟ್ ಈಚೆಗಷ್ಟೇ ನವೀಕರಣ ಆಗಿದೆಯೋ ಅದು ಮಾತ್ರ ಹಟ ಮಾಡುತ್ತದೆ.

ಟೈಮ್‌ಡೇಟ್‌ಸಿಟಿಎಲ್ ಅಂತ ಹೊಡೆದು, ಬಂದದ್ದನ್ನೆಲ್ಲ ಇಲ್ಲಿ ಹಾಕಿ.

ಹುಲೇಕಲ್_ಕೊಟ್ಟಿಗೆ
ಲೋಕಲ್ ಟೈಮ್: ಶನಿವಾರ ರಾತ್ರಿ. ಇವತ್ತು ಬುಧವಾರ! ಪ್ಯಾನೆಲ್ ಮರೆಯಾಗುವ ಹಾಗೆ ಇಟ್ಟಿದ್ದರಿಂದ ಯಾರ ಕಣ್ಣಿಗೂ ಬಿದ್ದಿಲ್ಲ.
ಆರ್‌ಟಿಸಿ ಟೈಮ್: 2009 ಜನವರಿ 1
ಟೈಮ್ ಝೋನ್: ಏಷ್ಯಾ/ಕೋಲ್ಕತಾ
ಸಿಸ್ಟಮ್ ಕ್ಲಾಕ್ ಸಿಂಕ್ರನೈಸ್ಡ್: ನೋ
ಎನ್‌ಟಿಪಿ ಸರ್ವಿಸ್: ಆಕ್ಟಿವ್
2009 ಎಲ್ಲಿಂದ ಬಂತು?

ಕಾಳಿ_ಕರ್ನಲ್
ಆರ್‌ಟಿಸಿ ಅಂದರೆ ಮದರ್‌ಬೋರ್ಡಿನ ಮೇಲಿನ ಗಡಿಯಾರ. 2009 ಆ ಬೋರ್ಡಿನ ಹುಟ್ಟುದಿನ ಅಂದುಕೊಳ್ಳಿ. ಎಲ್ಲ ಮರೆತಾಗ ಬಯೋಸ್ (ಬೋರ್ಡಿನಲ್ಲೇ ಇರುವ, ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಅಲ್ಲಿಗೇ ವಾಪಸ್ಸು ಹೋಗುವುದು. ಎರಡು ಪ್ರಶ್ನೆ. ಆನ್ ಮಾಡಿದಾಗ ಕಪ್ಪು ಪರದೆಯಲ್ಲಿ ಎಫ್1 ಒತ್ತಿ ಅಂತ ಕೇಳುತ್ತದಾ? ರಾತ್ರಿ ಪ್ಲಗ್ ಕಿತ್ತಿಡುತ್ತೀರಾ?

ಹುಲೇಕಲ್_ಕೊಟ್ಟಿಗೆ
ಎರಡೂ ಹೌದು. ಎಫ್1 ಕೇಳುವುದು ಲಿನಕ್ಸಿನ ಪದ್ಧತಿ ಅಂದುಕೊಂಡು ಮಕ್ಕಳು ಒತ್ತಿ ಮುಂದೆ ಹೋಗುತ್ತಾರೆ. ಪ್ಲಗ್ ಕೀಳದೆ ಇರುವುದು ಹೇಗೆ? ಮೇ ತಿಂಗಳ ಅಡ್ಡಮಳೆಗೆ ಪಕ್ಕದ ಮನೆಯ ಟಿವಿ, ರೂಟರ್ ಎರಡೂ ಸಿಡಿಲಿಗೆ ಹೋದವು. ಅಲ್ಲಿಂದ ಸಂಜೆ ಆದರೆ ನಮ್ಮಲ್ಲಿ ಎಲ್ಲದರ ಪ್ಲಗ್ಗೂ ಹೊರಗೆ. ಕಿತ್ತಿಡದಿದ್ದರೂ ಕರೆಂಟ್ ರಾತ್ರಿಯಿಡೀ ಇರುವುದಿಲ್ಲ, ಆ ಮಾತು ಬೇರೆ.

ಕಾಳಿ_ಕರ್ನಲ್
ಹಾಗಿದ್ದರೆ ಕತೆ ಪೂರ್ತಿ ಆಯಿತು. ನಿಮ್ಮಲ್ಲಿ ದೋಷ ಎರಡಿದೆ, ಒಂದು ಇನ್ನೊಂದನ್ನು ಮುಚ್ಚಿತ್ತು.

ಮೊದಲನೆಯದು ಬೋರ್ಡಿನ ಮೇಲಿನ ಸಿಆರ್2032 ಬಿಲ್ಲೆ ಸೆಲ್ ಸತ್ತಿದೆ. ಪ್ಲಗ್ ಗೋಡೆಯಲ್ಲಿರುವವರೆಗೆ, ಕಂಪ್ಯೂಟರ್ ಆಫ್ ಆಗಿದ್ದರೂ ಎಸ್‌ಎಂಪಿಎಸ್‌ನಿಂದ (ಒಳಗಿನ ಪವರ್ ಸಪ್ಲೈ) 5 ವೋಲ್ಟ್ ಸ್ಟ್ಯಾಂಡ್‌ಬೈ ಬರುತ್ತಿರುತ್ತದೆ, ಬೋರ್ಡಿನ ಗಡಿಯಾರ ಅದರಲ್ಲೇ ಓಡುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಸೆಲ್ ಸತ್ತದ್ದು ಗೊತ್ತೇ ಆಗಲಿಲ್ಲ. ಪ್ಲಗ್ ಕಿತ್ತ ದಿನದಿಂದ ಗಡಿಯಾರಕ್ಕೆ ಜೀವ ಇಲ್ಲ.

ಮತ್ತೆ 2009 ಎಂದು ಕಾಣದೆ ಶನಿವಾರ ಯಾಕೆ ಕಂಡಿತು? ಅದು ಲಿನಕ್ಸಿನಲ್ಲಿ ಸಮಯ ನೋಡಿಕೊಳ್ಳುವ ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ಸರ್ವಿಸ್‌ನ ಜಾಣತನ. ಓಡುತ್ತಿರುವಾಗ ಆಗಾಗ ಆ ಹೊತ್ತಿನ ಸಮಯವನ್ನು ಡಿಸ್ಕಿನ ಒಂದು ಫೈಲಿಗೆ ಒತ್ತಿಡುತ್ತದೆ. ಬೂಟ್ ಆಗುವಾಗ ಗಡಿಯಾರ ಅದಕ್ಕಿಂತ ಹಿಂದಿದ್ದರೆ ಅಲ್ಲಿಗೆ ತಂದು ನಿಲ್ಲಿಸುತ್ತದೆ. ಹೀಗಾಗಿ ರಾತ್ರಿ ಆಫ್ ಮಾಡಿದ ಕ್ಷಣದಿಂದಲೇ ಬೆಳಿಗ್ಗೆ ಮುಂದುವರಿಯುತ್ತದೆ. ಪ್ರತಿ ರಾತ್ರಿಯೂ ಲೆಕ್ಕದಿಂದ ಬಿಟ್ಟುಹೋಗಿ, ನೀವು ಕ್ಯಾಲೆಂಡರಿಗಿಂತ ಹಿಂದೆ ಬೀಳುತ್ತಾ ಬಂದಿರಿ. ಗಂಟೆಗಳು ದಿನಗಳಾದದ್ದು ಹಾಗೆ.

ಎರಡನೆಯದು, ಇಷ್ಟೆಲ್ಲ ಆದರೂ ನೆಟ್ ಬಂದ ಕೂಡಲೇ ಎನ್‌ಟಿಪಿ (ನೆಟ್‌ನಲ್ಲಿರುವ ಸರ್ವರ್‌ನಿಂದ ಸಮಯ ತರುವ ವ್ಯವಸ್ಥೆ) ಸಮಯ ಸರಿ ಮಾಡಬೇಕಿತ್ತು. ಆಕ್ಟಿವ್ ಅಂದರೆ ಸರ್ವಿಸ್ ಓಡುತ್ತಿದೆ ಅಷ್ಟೇ, ಉತ್ತರ ಬಂದಿದೆ ಅಂತಲ್ಲ. ‘ಟೈಮ್‌ಡೇಟ್‌ಸಿಟಿಎಲ್ ಟೈಮ್‌ಸಿಂಕ್-ಸ್ಟೇಟಸ್’ ಕೊಟ್ಟು ಪ್ಯಾಕೆಟ್ ಕೌಂಟ್ ಎಷ್ಟಿದೆ ನೋಡಿ. ಆಮೇಲೆ ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿ ಮತ್ತೊಮ್ಮೆ ನೋಡಿ.

ಹುಲೇಕಲ್_ಕೊಟ್ಟಿಗೆ
ಮನೆ ನೆಟ್‌ನಲ್ಲಿ ಪ್ಯಾಕೆಟ್ ಕೌಂಟ್ 0. ಹಾಟ್‌ಸ್ಪಾಟಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಬುಧವಾರ ಬಂತು! ಅಪ್‌ಡೇಟ್ ಹೋಯಿತು, ಸೈಟುಗಳೂ ತೆರೆದವು. ಅಂದರೆ ನೆಟ್ ಕೊಡುವವರೇ ತಡೆದಿದ್ದಾರಾ?

ಕಾಳಿ_ಕರ್ನಲ್
ಎನ್‌ಟಿಪಿ ಓಡಾಡುವ ಬಾಗಿಲು, ಅಂದರೆ ಯುಡಿಪಿ 123ನೇ ಪೋರ್ಟ್, ದಾರಿಯಲ್ಲಿ ಎಲ್ಲೋ ಮುಚ್ಚಿದೆ. ಅವರ ಕಡೆಯೂ ಇರಬಹುದು, ನಿಮ್ಮ ರೂಟರಿನ ಫೈರ್‌ವಾಲ್ ಕೂಡ ಇರಬಹುದು. ಮೊದಲು ರೂಟರ್ ನೋಡಿ, ಅದು ನಿಮ್ಮ ಕೈಯಲ್ಲಿದೆ. ಅಲ್ಲಿ ಸಿಗದಿದ್ದರೆ ಎಚ್‌ಟಿಪಿಡೇಟ್ ಅನ್ನುವ ಪುಟ್ಟ ಪ್ಯಾಕೇಜ್ ಹಾಕಿ. ವೆಬ್ ಸರ್ವರ್‌ಗಳು ಕಳಿಸುವ ಹೆಡರ್‌ನಲ್ಲೇ ಸಮಯ ಇರುತ್ತದೆ, ಅದನ್ನು ಓದಿಕೊಳ್ಳುತ್ತದೆ. ಮಿಲಿಸೆಕೆಂಡ್ ನಿಖರತೆ ಇಲ್ಲ, ಮನೆಗೆ ಅಷ್ಟು ಬೇಡ. ಎನ್‌ಟಿಪಿ ಸರ್ವರ್ ಬದಲಿಸಿ ಅಂತ ಯಾರಾದರೂ ಅಂದರೆ ಕೇಳಬೇಡಿ. ಪೋರ್ಟೇ ಮುಚ್ಚಿರುವಾಗ ಯಾವ ಸರ್ವರ್ ಆದರೂ ಒಂದೇ.

ಸೆಲ್ ಅಂತೂ ಹಾಕಿಸಲೇಬೇಕು. ಶಿರಸಿ ಪೇಟೆಯ ವಾಚ್ ಅಂಗಡಿಯಲ್ಲೇ ಸಿಗುತ್ತದೆ. ಹಾಕುವ ಮೊದಲು ಬಯೋಸ್‌ನ ಪುಟಗಳ ಫೋಟೋ ತೆಗೆದಿಡಿ, ಮುಖ್ಯವಾಗಿ ಸಾಟಾ ಮೋಡ್ (ಡಿಸ್ಕ್ ಜೋಡಣೆಯ ಸೆಟ್ಟಿಂಗ್) ಮತ್ತು ಬೂಟ್ ಆರ್ಡರ್. ಪ್ಲಗ್ ಪೂರ್ತಿ ಹೊರಗಿರಲಿ. ಪ್ಲಸ್ ಗುರುತು ಮೇಲೆ ಬರಬೇಕು.

ಬೈತಖೋಲ್_ಬಿಟ್ಸ್
ಕಾರವಾರದಿಂದ ಒಂದು ಮಾತು ಸೇರಿಸುತ್ತೇನೆ. ಕರಾವಳಿಯವರು ಸೆಲ್ ಬದಲಿಸುವಾಗ ಅದು ಕೂರುವ ಕ್ಲಿಪ್ಪನ್ನೂ ನೋಡಿ. ಉಪ್ಪುಗಾಳಿಗೆ ಹಸಿರು ಹಿಡಿದಿರುತ್ತದೆ, ಹೊಸ ಸೆಲ್ ಹಾಕಿದರೂ ಸಂಪರ್ಕ ಸಿಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್ ಸಾಕು. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟು ಮಳೆ ಅಳೆಯುವವರಿಗೂ ಇದೇ ಗೋಳು: ಪೈ 4ರವರೆಗೆ ಬೋರ್ಡಿನಲ್ಲಿ ಗಡಿಯಾರವೇ ಇಲ್ಲ. ಪೈ 5ರಲ್ಲಿ ಇದೆ, ಬ್ಯಾಟರಿ ಮಾತ್ರ ನಾವೇ ಜೋಡಿಸಬೇಕು. ಕರೆಂಟ್ ಹೋಗಿ ಬಂದ ಮೇಲೆ ನೆಟ್ ಸಿಗುವವರೆಗಿನ ಮಳೆಯೆಲ್ಲ ತಪ್ಪು ಹೊತ್ತಿನ ಲೆಕ್ಕಕ್ಕೆ ಹೋಗುತ್ತದೆ.

ಹುಲೇಕಲ್_ಕೊಟ್ಟಿಗೆ
ಸೆಲ್ ಹಾಕಿದ್ದಾಯಿತು. ಎಫ್1 ಕೇಳುವುದು ನಿಂತಿದೆ. ರಾತ್ರಿ ಪ್ಲಗ್ ಕಿತ್ತಿಟ್ಟು ಬೆಳಿಗ್ಗೆ ನೋಡಿದೆ, ಆರ್‌ಟಿಸಿ ಸರಿಯಾಗಿದೆ. ರೂಟರಿನಲ್ಲಿ ಏನೂ ಸಿಗಲಿಲ್ಲ, ಎಚ್‌ಟಿಪಿಡೇಟ್ ಹಾಕಿದ್ದೇನೆ. ನೆಟ್‌ನವರಿಗೂ ಹೇಳಿದ್ದೇನೆ, ‘ಬ್ರೌಸರ್ ತೆರೆಯುತ್ತದಲ್ಲ?’ ಅಂದರು.

ಅಂಕೋಲಾ_ಡ್ಯುಯಲ್
ಇದೇ ಎಳೆಯಲ್ಲಿ ಕೇಳುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸೂ ಇದೆ, ಮಿಂಟೂ ಇದೆ. ಮಿಂಟ್‌ನಿಂದ ವಿಂಡೋಸಿಗೆ ಹೋದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ. ನನ್ನದೂ ಸೆಲ್ ಹೋಗಿದೆಯಾ?

ಕಾಳಿ_ಕರ್ನಲ್
ಇಲ್ಲ. ಸೆಲ್ ಹೋದರೆ ಇಷ್ಟು ಶಿಸ್ತಾಗಿ ತಪ್ಪುವುದಿಲ್ಲ. 5:30 ಅಂದರೆ ನಮಗೂ ಯುಟಿಸಿಗೂ (ಜಾಗತಿಕ ಪ್ರಮಾಣ ಸಮಯ) ಇರುವ ಅಂತರ. ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಬರೆಯುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯ ಅಂತ ಓದುತ್ತದೆ. ಮಿಂಟ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಡಿ. ಹೀಗೆ ಮಾಡಬೇಡಿ ಅನ್ನುವ ಎಚ್ಚರಿಕೆ ಕಾಣುತ್ತದೆ. ಬೇಸಿಗೆಗೊಮ್ಮೆ ಗಡಿಯಾರ ತಿರುಗಿಸುವ ದೇಶಗಳಲ್ಲಿ ಅದು ದೊಡ್ಡ ತಲೆನೋವು, ನಮ್ಮಲ್ಲಿ ಆ ಪದ್ಧತಿ ಇಲ್ಲದ್ದರಿಂದ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮುಂದೆ ವಿಂಡೋಸ್ ತೆಗೆದುಹಾಕಿದರೆ 1ರ ಜಾಗದಲ್ಲಿ 0 ಕೊಟ್ಟು ಮೊದಲಿನಂತೆ ಮಾಡಿ.