ಹಳೆ ಪಿಕಪ್, ಮುಂದೆ ಎಡಗಡೆ ಟಕ್ ಟಕ್ ಸದ್ದು. ಅನುಭವ ಇರುವವರು ಹೇಳಿ

ಕೇಳಿದವರು, ಶ್ರೀನಿವಾಸಪುರ:
ನನ್ನ ಪಿಕಪ್‌ಗೆ 13 ವರ್ಷ. 2 ಲಕ್ಷ 10 ಸಾವಿರ ಕಿ.ಮೀ. ಓಡಿದೆ. ಮುಂದೆ ಕಾಯಿಲ್ ಸ್ಪ್ರಿಂಗ್, ಚಕ್ರವನ್ನು ಚಾಸಿಗೆ ಹಿಡಿದಿಡೋಕೆ ಮೇಲೊಂದು ಕೆಳಗೊಂದು ಆರ್ಮ್. ಮಾವಿನ ಲೋಡು ಹೊಡೆಯುತ್ತೇನೆ. ಎರಡು ತಿಂಗಳಿಂದ ಎಡಗಡೆ ಟಕ್ ಟಕ್ ಅನ್ನುತ್ತಿದೆ. ಸಣ್ಣ ಗುಂಡಿಗಳ ರಸ್ತೆಯಲ್ಲಿ ನಿಧಾನ ಹೋದರೆ ಜಾಸ್ತಿ. ದೊಡ್ಡ ಹಂಪ್ ಮೇಲೆ ನೇರವಾಗಿ ಹತ್ತಿಸಿದರೆ ಬರುವುದಿಲ್ಲ. ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದಾಯ್ತು, ಸದ್ದು ಹಾಗೇ ಇದೆ. ಈಗ ಗ್ಯಾರೇಜಿನವರು ಮುಂಭಾಗದ ಪೂರ್ತಿ ಕೆಲಸ ಮಾಡಿಸು ಅಂತಿದ್ದಾರೆ. ಮಾಡಿಸಲಾ?

ಹಾಸನದಿಂದ ಉತ್ತರ:
ಈಗಲೇ ಮಾಡಿಸಬೇಡಿ ಅಣ್ಣ. ಉತ್ತರ ಅರ್ಧ ನಿಮ್ಮ ಪ್ರಶ್ನೆಯಲ್ಲೇ ಇದೆ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಏಳುತ್ತವೆ. ಆಗ ಸ್ಟೆಬಿಲೈಸರ್ ಬಾರ್ (ಗಾಡಿ ವಾಲದ ಹಾಗೆ ಎಡ ಬಲ ಚಕ್ರಗಳ ನಡುವೆ ಇರುವ ಕಂಬಿ) ಸುಮ್ನೆ ತಿರುಗುತ್ತದೆ, ಅದರ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಲಿಂಕ್ ರಾಡ್ ಮೇಲೆ ಎಳೆತ ಬೀಳುವುದಿಲ್ಲ. ಸಣ್ಣ ಗುಂಡಿಗಳಲ್ಲಿ ಒಂದು ಚಕ್ರ ಮೇಲೆ, ಒಂದು ಕೆಳಗೆ. ಲಿಂಕ್ ರಾಡ್ ಸವೆದಿದ್ದರೆ ಆಗಲೇ ಬಡಿಯುವುದು. ನನ್ನ ಗಾಡಿಯಲ್ಲೂ ಇದೇ ಆಗಿತ್ತು. ನಾನೂ ಮೊದಲು ಶಾಕ್ ಅಬ್ಸಾರ್ಬರ್‌ಗೇ ದುಡ್ಡು ಸುರಿದೆ.

ನೋಡುವ ರೀತಿ ಮುಖ್ಯ. ಒಂದೇ ಚಕ್ರಕ್ಕೆ ಜಾಕಿ ಕೊಟ್ಟರೆ ಬಾರ್ ತಿರುಚಿಕೊಂಡು ಲಿಂಕ್ ರಾಡ್ ಬಿಗಿಯಾಗಿ ನಿಲ್ಲುತ್ತದೆ. ಎಷ್ಟು ಅಲ್ಲಾಡಿಸಿದರೂ ಆಟ, ಅಂದರೆ ಸಡಿಲ, ಗೊತ್ತಾಗುವುದಿಲ್ಲ. ಗಾಡಿ ನಾಲ್ಕೂ ಚಕ್ರದ ಮೇಲೆ ಸಮತಟ್ಟು ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಪಕ್ಕದಲ್ಲಿ ನಿಂತು ಬಾಡಿ ಹಿಡಿದು ಗಾಡಿಯನ್ನು ಎಡಕ್ಕೆ ಬಲಕ್ಕೆ ತೂಗಲಿ. ನೀವು ಲಿಂಕ್ ರಾಡ್ ಜಾಯಿಂಟ್ ಮೇಲೆ ಎರಡು ಬೆರಳಿಡಿ. ಸವೆದಿದ್ದರೆ ಒಳಗಿನಿಂದ ಉಗುರಲ್ಲಿ ತಟ್ಟಿದ ಹಾಗೆ ಬೆರಳಿಗೆ ಬಡಿಯುತ್ತದೆ. ಬಲಗಡೆಯೂ ನೋಡಿ. ಸದ್ದು ಚಾಸಿಯಲ್ಲಿ ಹರಿದು ಇನ್ನೊಂದು ಕಡೆ ಕೇಳಿಸುವುದು ತುಂಬಾ ಸಾಮಾನ್ಯ.

ಆದರೂ ಅನುಮಾನ ಇದ್ದರೆ ಎರಡೂ ಕಡೆ ಲಿಂಕ್ ರಾಡ್ ಬಿಚ್ಚಿ, ಬಾರ್ ಎಲ್ಲಿಗೂ ತಾಗದ ಹಾಗೆ ತಂತಿಯಲ್ಲಿ ಕಟ್ಟಿ, ಖಾಲಿ ಗಾಡಿಯಲ್ಲಿ ನಿಧಾನವಾಗಿ ಅದೇ ರಸ್ತೆಯಲ್ಲಿ ಹೋಗಿ. ಸದ್ದು ನಿಂತರೆ ಕಳ್ಳ ಸಿಕ್ಕ. ಲೋಡು ಹಾಕಿಕೊಂಡು ಮಾತ್ರ ಹೀಗೆ ಹೋಗಲೇಬೇಡಿ, ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ.

ಇನ್ನೊಂದು, ಖರ್ಚಿಲ್ಲದ್ದು. ಸದ್ದು ಬರುತ್ತಿರುವಾಗ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಆಗ ನಿಂತರೆ ಹೆಚ್ಚಾಗಿ ಬ್ರೇಕ್ ಪ್ಯಾಡ್ ಅಥವಾ ಅದನ್ನು ಹಿಡಿಯುವ ಕ್ಯಾಲಿಪರ್ ಲಡಲಡ ಅನ್ನುತ್ತಿರುತ್ತದೆ, ಸಸ್ಪೆನ್ಷನ್ ಅಲ್ಲ.

ಚಿಂತಾಮಣಿಯಿಂದ, ಗ್ಯಾರೇಜ್ ಕೆಲಸದವರು:
ಮೇಲಿನವರು ಹೇಳಿದ್ದು ಸರಿ. ಆದರೆ ಕೆಳಗಿನ ಬಾಲ್ ಜಾಯಿಂಟ್ (ಆರ್ಮ್ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು) ನೋಡದೆ ಲೋಡಿಗೆ ಹೋಗಬೇಡಿ ಸರ್. ಲಿಂಕ್ ರಾಡ್ ಸವೆದರೆ ಬರೀ ಸದ್ದು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಸ್ಟೇರಿಂಗ್ ನಿಮ್ಮ ಕೈಯಲ್ಲಿ ಇರುವುದಿಲ್ಲ.

ನಿಮ್ಮ ಗಾಡಿಯಲ್ಲಿ ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿದ್ದರೆ ಜಾಕಿಯನ್ನು ಚಾಸಿಗೆ ಕೊಡಬೇಡಿ, ಆ ಆರ್ಮ್ ಕೆಳಗೇ ಕೊಡಿ, ಬಾಲ್ ಜಾಯಿಂಟ್‌ಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು. ಚಾಸಿಗೆ ಕೊಟ್ಟರೆ ಸ್ಪ್ರಿಂಗ್ ಒತ್ತಡಕ್ಕೆ ಜಾಯಿಂಟ್ ಬಿಗಿಯಾಗಿರುತ್ತದೆ, ಆಟ ಕಾಣುವುದಿಲ್ಲ. ಚಾಸಿ ಕೆಳಗೆ ಸ್ಟ್ಯಾಂಡ್ ಇಟ್ಟುಕೊಳ್ಳಿ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. 9 ಮತ್ತು 3ರಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್ (ಸ್ಟೇರಿಂಗ್‌ನಿಂದ ಚಕ್ರಕ್ಕೆ ಬರುವ ರಾಡಿನ ತುದಿಯ ಕೀಲು) ಕಡೆ ನೋಡಿ.

ಆರ್ಮ್ ಬುಷ್ (ಆರ್ಮ್ ಚಾಸಿಗೆ ಸೇರುವ ಕಡೆಯ ರಬ್ಬರ್) ಹಾಕಿಸಿದರೆ ಒಂದು ವಿಷಯ ನಿಂತು ನೋಡಿಕೊಳ್ಳಿ. ಅದರ ಬೋಲ್ಟನ್ನು ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಬಿಗಿ ಮಾಡಬೇಕು. ಚಕ್ರ ನೇತಾಡುವಾಗಲೇ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಅವಸರದಲ್ಲಿ ಇದನ್ನು ಬಿಡುವವರು ಬಹಳ.

ಹಾವೇರಿಯಿಂದ:
ನನ್ನದು ಮುಂದೆಯೂ ಲೀಫ್ ಸ್ಪ್ರಿಂಗ್ ಇರೋ ಗಾಡಿ. ಅಂಥ ಗಾಡಿಯವರು ಇದನ್ನು ಓದುತ್ತಿದ್ದರೆ ಮೊದಲು ಸ್ಪ್ರಿಂಗ್ ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯೂ ಬೋಲ್ಟ್ ಮತ್ತು ಪಟ್ಟಿಯ ತುದಿಯನ್ನು ಚಾಸಿಗೆ ತೂಗುಹಾಕುವ ಕಡೆಯ ಶ್ಯಾಕಲ್ ಬುಷ್ ನೋಡಿ. ನನ್ನ ಗಾಡಿ ಬೇಸಿಗೆಯಲ್ಲಿ ಕಿರ್ರ್ ಕಿರ್ರ್ ಅನ್ನುತ್ತಿತ್ತು, ಮಳೆ ಬಂದ ದಿನ ಗಪ್‌ಚಿಪ್. ನೋಡಿದರೆ ಶ್ಯಾಕಲ್ ಬುಷ್ ಒಣಗಿ ಬಿರುಕು ಬಿಟ್ಟಿತ್ತು.

ಕೇಳಿದವರು, ನಾಲ್ಕು ದಿನದ ನಂತರ:
ಎಲ್ಲರಿಗೂ ಕೈ ಮುಗಿಯುತ್ತೇನೆ. ನನ್ನ ತಮ್ಮ ಗಾಡಿಯನ್ನು ತೂಗಿದ, ನಾನು ಕೆಳಗೆ ಬೆರಳಿಟ್ಟೆ. ಎಡಗಡೆ ಏನೂ ಇಲ್ಲ, ಬಲಗಡೆ ಲಿಂಕ್ ರಾಡ್ ಟಕ್ ಅಂತ ಬೆರಳಿಗೇ ಬಡಿಯಿತು! ಎರಡೂ ಕಡೆ ಹೊಸದು ಹಾಕಿಸಿದೆ, ಸದ್ದು ಹೋಯಿತು. ಚಿಂತಾಮಣಿ ಅಣ್ಣ ಹೇಳಿದ ಹಾಗೆ ಜಾಕಿ ಕೊಟ್ಟು ನೋಡಿದಾಗ ಎಡಗಡೆ ಕೆಳಗಿನ ಬಾಲ್ ಜಾಯಿಂಟ್‌ನ ರಬ್ಬರ್ ಬೂಟು ಹರಿದಿತ್ತು, ಒಳಗೆ ಗ್ರೀಸ್ ಬದಲು ಕೆಂಪು ಮಣ್ಣು. ಅಲ್ಲಾಡಿಸಿದರೆ ಆಟವೂ ಇತ್ತು. ಅದರಿಂದ ಒಂದು ದಿನವೂ ಸದ್ದು ಬಂದಿರಲಿಲ್ಲ. ಅದನ್ನೂ ಬದಲಾಯಿಸಿದೆ. ನಾಳೆ ವೀಲ್ ಅಲೈನ್‌ಮೆಂಟ್ ಮಾಡಿಸಿ ಆಮೇಲೆ ಲೋಡು.