ಕತ್ರಿಗುಪ್ಪೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ: ಸ್ಕೂಟರ್ ಬಿಡಲಾ, ಬೇಡ್ವಾ?

ಸ್ಕೂಟರಮ್ಮ:

ಎಲ್ಲರಿಗೂ ನಮಸ್ಕಾರ. ಮನೆ ಕತ್ರಿಗುಪ್ಪೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಕೌಂಟ್ಸ್ ಕೆಲಸ. ಆರು ವರ್ಷದಿಂದ ಸ್ಕೂಟರಿನಲ್ಲೇ ಓಡಾಟ. ಬೆಳಿಗ್ಗೆ 8ಕ್ಕೆ ಮಗನನ್ನು ಶಾಲೆಗೆ ಬಿಡುತ್ತೇನೆ. ಆಮೇಲೆ ಕದಿರೇನಹಳ್ಳಿ ಅಂಡರ್‌ಪಾಸ್, ಸಾರಕ್ಕಿ, ಸಿಲ್ಕ್ ಬೋರ್ಡ್, ಹೊಸೂರು ರಸ್ತೆ. ಆಫೀಸು ಮುಟ್ಟುವಾಗ 9:20. ಮಳೆ ಬಂತೋ, ಆ ದಿನದ ಲೆಕ್ಕ ದೇವರಿಗೇ ಗೊತ್ತು.

2024ರ ಜುಲೈನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ ಡಬಲ್ ಡೆಕ್ಕರ್ ಫ್ಲೈಓವರ್ ಬಿಟ್ಟಾಗ ತುಂಬಾ ಖುಷಿಪಟ್ಟಿದ್ದೆ. ಮೇಲೆ ಮೂರು ಕಿಲೋಮೀಟರ್ ಜುಮ್ಮಂತ ಹೋಗುತ್ತೇನೆ, ನಿಜ. ಇಳಿದ ಮೇಲೆ ಅದೇ ಹೊಸೂರು ರಸ್ತೆ, ಅದೇ ಕ್ಯೂ. ಮೇಲೆ ಉಳಿಸಿದ ಹತ್ತು ನಿಮಿಷದಲ್ಲಿ ಏಳು ನಿಮಿಷ ಕೆಳಗೆ ವಾಪಸ್ ಕೊಡುತ್ತೇನೆ.

2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಶುರುವಾಯಿತು. ಆಫೀಸಿನಲ್ಲಿ ಪಕ್ಕದ ಸೀಟಿನವರೆಲ್ಲ ಅದರಲ್ಲೇ ಬರುತ್ತಾರೆ. ನನಗೆ ಮೆಟ್ರೋ ಹತ್ತೋದು ಕಷ್ಟ ಅಲ್ಲ, ಮೆಟ್ರೋವರೆಗೆ ಹೋಗೋದು ಕಷ್ಟ. ಶಾಲೆ ಮುಗಿಸಿ ಬನಶಂಕರಿ ಸ್ಟೇಷನ್‌ವರೆಗೆ ಸ್ಕೂಟರಾ, ಬಸ್ಸಾ? ಮಕ್ಕಳನ್ನು ಬಿಟ್ಟು ಹೋಗುವವರು ಯಾರಾದರೂ ಹೀಗೆ ಮಾಡುತ್ತಿದ್ದೀರಾ? ಅದರ ಜೊತೆ ಇನ್ನೊಂದು ಪ್ರಶ್ನೆ. ಟ್ರಾಫಿಕ್ ಕಮ್ಮಿ ಆಗೋಕೆ ನಮ್ಮಂಥವರ ಕೈಲಿ ಏನಾದರೂ ಆಗುತ್ತಾ, ಇಲ್ಲ ಸುಮ್ನೆ ಸರ್ಕಾರಕ್ಕೆ ಬೈದುಕೊಂಡು ಕೂರೋದಾ?

ಇಬ್ಬಲೂರು ವಾಸಿ:

ಅಕ್ಕಾ, ಮೊದಲು ಒಂದು ಸಮಾಧಾನ. ನಿಮ್ಮೊಬ್ಬರದ್ದೇ ಪಾಡಲ್ಲ ಇದು. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್. ಆ 10 ಸೆಕೆಂಡ್ ಯಾವ ಸಿಗ್ನಲ್‌ನಲ್ಲಿ ನಿಂತು ಎಣಿಸಿದರೋ!

2019ರ ಅಕ್ಟೋಬರಿನಲ್ಲಿ ನಮ್ಮ ಔಟರ್ ರಿಂಗ್ ರೋಡಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೇ ಬೇರೆ ಲೇನ್ ಮಾಡಿದ್ದರು. ಕಂಬ ನೆಟ್ಟು ಬೇರೆ ವಾಹನ ನುಗ್ಗದ ಹಾಗೆ ನೋಡಿಕೊಂಡಿದ್ದರು. ನಾನು ಕಾರಿನಲ್ಲಿ ಕೂತು ಸ್ಟೇರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದರೆ ಬಸ್ಸು ಪಕ್ಕದಲ್ಲೇ ಸೊಯ್ಯಂತ ಹೋಗುತ್ತಿತ್ತು. ಮೂರನೇ ದಿನ ಹೊಟ್ಟೆ ಉರಿದು ನಾನೂ ಬಸ್ ಹತ್ತಿದೆ. ಆಮೇಲೆ ಕೊರೊನಾ, ಅದಾದ ಮೇಲೆ ಮೆಟ್ರೋ ಕಾಮಗಾರಿ. ಲೇನ್ ಹೋಯಿತು, ನಾನು ಕಾರಿಗೆ ವಾಪಸ್. ಬಸ್ಸು ಕಾರಿಗಿಂತ ಬೇಗ ಹೋದರೆ ಜನ ತಾವಾಗಿಯೇ ಹತ್ತುತ್ತಾರೆ, ಬುದ್ಧಿ ಹೇಳೋದೇ ಬೇಡ.

ಸುರಂಗಪ್ರಿಯ:

ಬಸ್ಸು ಗಿಸ್ಸು ಎಲ್ಲ ಆಗದ ಮಾತು. ಊರಿನಲ್ಲಿ ಗಾಡಿಗಳು ಒಂದು ಕೋಟಿ ದಾಟಿವೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಬರಲಿ, ಆಗ ನೋಡಿ.

ಇಬ್ಬಲೂರು ವಾಸಿ:

ಸಾರ್, ಸುರಂಗದ ಆ ತುದಿ ಎಲ್ಲಿ ಮೇಲೆ ಬರುತ್ತೆ? ಸಿಲ್ಕ್ ಬೋರ್ಡಿನಲ್ಲೇ ತಾನೇ! ಅಕ್ಕ ಫ್ಲೈಓವರ್ ಕಥೆ ಹೇಳಿದ್ದನ್ನು ಇನ್ನೊಂದು ಸಲ ಓದಿ.

ನಿವೃತ್ತ ಚಾಲಕ:

ಮೇಡಂ, 27 ವರ್ಷ ಸಿಟಿ ಬಸ್ ಓಡಿಸಿದ್ದೇನೆ. ದೊಡ್ಡ ಯೋಜನೆ ನನಗೆ ತಿಳಿಯದು. ಗೊತ್ತಿರೋದು ಒಂದು ಹೇಳುತ್ತೇನೆ.

ಬಸ್ಸು ಸುಮಾರು 12 ಮೀಟರ್ ಉದ್ದ. ಸ್ಟಾಪಿಗೆ ನೇರವಾಗಿ ಸೇರಿಸೋಕೆ ಆಗಲ್ಲ. ಸ್ವಲ್ಪ ಹಿಂದಿನಿಂದಲೇ ಓರೆಯಾಗಿ ಒಳಗೆ ತಗೋಬೇಕು, ಆಮೇಲೆ ಹಿಂಭಾಗ ನೆಟ್ಟಗಾಗುತ್ತದೆ. ಆ ಓರೆ ಜಾಗದಲ್ಲಿ ಒಂದೇ ಒಂದು ಆಟೋ ಅಥವಾ ಬೈಕ್ ನಿಂತಿದ್ದರೆ ಮುಗೀತು. ಮೂತಿ ಮಾತ್ರ ಒಳಗೆ ಹೋಗುತ್ತದೆ, ಬಾಲ ಎರಡನೇ ಲೇನಿನಲ್ಲಿ. ಜನ ರಸ್ತೆಗೆ ಇಳಿದು ಬಂದು ಹತ್ತುತ್ತಾರೆ, ಅದಕ್ಕೆ ಇನ್ನೂ ಜಾಸ್ತಿ ಹೊತ್ತು. ಹಿಂದೆ ಸಿಗ್ನಲ್ ಹಸಿರಾದರೂ ಯಾರೂ ಅಲ್ಲಾಡಲ್ಲ. ಹಾರ್ನ್ ಹೊಡೆದು ಬೈಯೋದು ಮಾತ್ರ ಡ್ರೈವರಿಗೆ. ಬೈಕಿನವನು ಅಷ್ಟರಲ್ಲಿ ಟೀ ಕುಡಿದು ಹೋಗಿರುತ್ತಾನೆ.

ಸಾಯಂಕಾಲದ ಡ್ಯೂಟಿಯಲ್ಲಿ ಇಂಥ ಹತ್ತು ಸ್ಟಾಪ್ ಸಿಕ್ಕಿದರೆ ಒಂದು ಟ್ರಿಪ್ಪೇ ಕೈಬಿಡಬೇಕಾಗುತ್ತಿತ್ತು. ಟ್ರಿಪ್ ಕಟ್ ಆದರೆ ಸ್ಟಾಪಿನಲ್ಲಿ ಜನ ಕಾಯುತ್ತಾರೆ, ಬೇಸತ್ತು ಗಾಡಿ ಕೊಳ್ಳುತ್ತಾರೆ. ಆ ಗಾಡಿಯೂ ನನ್ನ ಮುಂದೆಯೇ ಬಂದು ನಿಲ್ಲುತ್ತದೆ.

ಆದರೂ ಬನಶಂಕರಿ ಸ್ಟೇಷನ್‌ವರೆಗೆ ನಿಮಗೆ ಬಸ್ಸೇ ಒಳ್ಳೆಯದು. ಒಂದು ವಾರ ನೋಡಿ.

ಸ್ಕೂಟರಮ್ಮ:

ವಾರ ಆಯಿತು, ಹೇಳಿ ಬಿಡುತ್ತೇನೆ.

ಸೋಮವಾರ, ಮಂಗಳವಾರ ಶಾಲೆಯಿಂದ ಬನಶಂಕರಿವರೆಗೆ ಸ್ಕೂಟರ್. ಅಲ್ಲಿಂದ ಹಸಿರು ಮೆಟ್ರೋದಲ್ಲಿ ಆರ್.ವಿ. ರೋಡ್ ಒಂದೇ ಸ್ಟೇಷನ್. ಅಲ್ಲಿ ಹಳದಿಗೆ ಬದಲಾಯಿಸಬೇಕು. ಮೊದಲೆಲ್ಲ 25 ನಿಮಿಷಕ್ಕೊಂದು ರೈಲು ಇತ್ತು, ಈಗ ಅಷ್ಟು ಕಾಯಬೇಕಿಲ್ಲ. ಸೀಟಂತೂ ಸಿಗಲಿಲ್ಲ. ಆಫೀಸು ಮುಟ್ಟಿದ್ದು 9:15. ಐದೇ ನಿಮಿಷ ಉಳಿತಾಯ! ನಗಬೇಡಿ. ಬ್ರೇಕ್ ಹಿಡಿದು ಹಿಡಿದು ಎಡಗೈ ಬೆರಳು ನೋಯುತ್ತಿತ್ತಲ್ಲ, ಅದು ಇಲ್ಲ. ಹೊಗೆಗೆ ಕಣ್ಣು ಉರಿಯೋದೂ ಇಲ್ಲ. ಮೆಟ್ರೋ ಮೇಲಿನಿಂದ ಹೊಸೂರು ರಸ್ತೆ ನೋಡಿದಾಗ ಪಾಪ ಅನಿಸಿತು, ಸ್ವಲ್ಪ ಕೆಟ್ಟ ಖುಷಿಯೂ ಆಯಿತು.

ಬುಧವಾರ ಮಳೆ. ಮಗನನ್ನು ಆಟೋದಲ್ಲಿ ಬಿಟ್ಟು ಅಲ್ಲೇ ಬಸ್ಸಿಗೆ ನಿಂತೆ. ಶಕ್ತಿ ಯೋಜನೆ ಇದ್ದರೂ ಬಸ್ ಹತ್ತಿ ಎಷ್ಟು ಕಾಲ ಆಗಿತ್ತೋ. ಸ್ಟಾಪು ಶಾಲೆಯ ಗೇಟಿನ ಪಕ್ಕದಲ್ಲೇ ಇದೆ. ಬಸ್ ಬಂತು, ಒಳಗೆ ಬರಲಿಲ್ಲ. ಮೂತಿ ಮಾತ್ರ ತೂರಿಸಿ ನಿಂತಿತು, ಚಾಲಕರು ಹೇಳಿದ ಹಾಗೇ. ಓರೆ ಜಾಗದಲ್ಲಿ ಒಬ್ಬರು ಸ್ಕೂಟರ್ ನಿಲ್ಲಿಸಿಕೊಂಡು ಮಗಳ ರೈನ್‌ಕೋಟಿನ ಗುಂಡಿ ಹಾಕುತ್ತಿದ್ದರು. ಹಿಂದೆ ಹಾರ್ನೋ ಹಾರ್ನು.

ಆರು ವರ್ಷದಿಂದ ನಾನು ಮಗನನ್ನು ಇಳಿಸುತ್ತಿದ್ದುದು ಅದೇ ಜಾಗದಲ್ಲಿ. ಎರಡೇ ನಿಮಿಷ ಅಲ್ವಾ ಅಂದುಕೊಂಡು.

ಗುರುವಾರದಿಂದ ಝೆರಾಕ್ಸ್ ಅಂಗಡಿಯ ಪಕ್ಕದ ಅಡ್ಡರಸ್ತೆಯಲ್ಲಿ ನಿಲ್ಲಿಸುತ್ತಿದ್ದೇನೆ. ಮಗನಿಗೆ ಅಲ್ಲಿಂದ ನಡೆಯಬೇಕಲ್ಲ ಅಂತ ಸಿಟ್ಟು, ಬ್ಯಾಗ್ ನನ್ನ ಕೈಗೇ ಕೊಡುತ್ತಾನೆ. ಚಾಲಕರೇ, ಸಂಜೆ 6:30ರ ಮೇಲೆ ಬನಶಂಕರಿಯಿಂದ ಕತ್ರಿಗುಪ್ಪೆ ಕಡೆಗೆ ಸ್ವಲ್ಪ ಖಾಲಿ ಬಸ್ ಯಾವುದು ಸಿಗುತ್ತೆ, ಹೇಳುತ್ತೀರಾ?